ಎರಡು ಸಲ ದುಡಿಯುವ ನೀರು

"ಯಾರ್ರೀ ಅದು ಹೊರಗೆ? ನೀರು ಯಾಕೆ ನಿಲ್ಲಿಸಿದ್ರಿ?!"

ತಲೆ ತುಂಬ ಶಾಂಪೂ ನೊರೆ. ಕಣ್ಣಲ್ಲಿ ಉರಿ. ನಲ್ಲಿ ತಿರುಗಿಸಿದರೆ ಬುಸ್ಸೆಂದು ಗಾಳಿ ಬರುತ್ತಿತ್ತೇ ಹೊರತು ಒಂದು ಹನಿ ನೀರಿಲ್ಲ. ಅವಳು ಬಚ್ಚಲುಮನೆಯ ಸಣ್ಣ ಕಿಟಕಿಗೆ ಮುಖ ಕೊಟ್ಟು ಮತ್ತೊಮ್ಮೆ ಕಿರುಚಿದಳು.

"ಅಯ್ಯೋ... ಒಳಗೆ ಯಾರೂ ಇಲ್ಲ ಅಂದ್ರಲ್ಲ ಸಾರ್!" ಹೊರಗಿನಿಂದ ಒಬ್ಬ ಗಂಡಸಿನ ದನಿ. "ಒಂದು ನಿಮಿಷ ಮೇಡಂ, ಈಗ ಬಿಟ್ಟೆ."

ನೀರು ಬಂತು. ಬಂದ ಸಿಟ್ಟಿಗೆ ಅವಳು ಇಡೀ ಬಕೆಟ್ಟನ್ನೇ ತಲೆಯ ಮೇಲೆ ಸುರಿದುಕೊಂಡಳು. ಮರುಕ್ಷಣ ಹೊರಗೆ ಯಾರೋ "ಆಹ್!" ಎಂದು ಹಾರಿಬಿದ್ದ ಸದ್ದು. ಅದರ ಹಿಂದೆಯೇ ಅಪ್ಪನ ಗಹಗಹ ನಗು.

ಬಟ್ಟೆ ತೊಟ್ಟು, ತಲೆಗೆ ಟವೆಲ್ ಸುತ್ತಿಕೊಂಡು, ನಾಲ್ಕು ಮಾತು ಅಂದೇಬಿಡಬೇಕೆಂದು ಹಿತ್ತಿಲಿಗೆ ಬಂದಳು. ಬಂದವಳು ಹಾಗೇ ನಿಂತಳು.

ಅರ್ಧ ಕೊಯ್ದ ಪೈಪಿನ ಬಾಯಿಯ ಕೆಳಗೆ, ಅವಳ ಸ್ನಾನದ ನೀರಿನಲ್ಲೇ ತೊಯ್ದು ತೊಪ್ಪೆಯಾಗಿ, ಕೈಯಲ್ಲಿ ಗರಗಸ ಹಿಡಿದ ಪ್ಲಂಬರ್ ಒಬ್ಬ ನಿಂತಿದ್ದ. ಅವನ ಎಡಹುಬ್ಬಿನ ಮೇಲೆ ಒಂದಿಷ್ಟು ನೊರೆ ಕೂತಿತ್ತು. ಅವಳದೇ ಶಾಂಪೂವಿನ ನೊರೆ!

"ಬಾ ಮಗಳೇ ಬಾ," ಅಪ್ಪ ಕಣ್ಣೊರೆಸಿಕೊಳ್ಳುತ್ತ ಅಂದರು. "ನಿನ್ನ ಸ್ನಾನದ ನೀರನ್ನ ನಿಂಬೆ ಗಿಡಕ್ಕೆ ಹಾಯಿಸೋಕೆ ಇವರನ್ನ ಕರೆಸಿದೆ. ಗಿಡಕ್ಕಿಂತ ಮೊದಲು ಇವರಿಗೇ ಹಾಯ್ತು! ಇವತ್ತಿಂದ ಇವರೇ ನಮ್ಮನೆ ಜಲಮಂತ್ರಿ."

ಅವನು ನಾಚಿಕೊಂಡು ನಕ್ಕ. ಕೆಲಸ ಮುಗಿದ ಮೇಲೆ ಗೋಡೆಯ ಪಕ್ಕದ ಕೆಂಪು ಹಿಡಿಯೊಂದನ್ನು ತೋರಿಸಿ ಅವಳಿಗೆ ವಿವರಿಸತೊಡಗಿದ.

"ನೋಡಿ ಮೇಡಂ, ಈ ಹಿಡಿ ಹೀಗಿದ್ರೆ ಬಚ್ಚಲಿಂದು, ವಾಷಿಂಗ್ ಮೆಷಿನ್‌ದು, ಎಲ್ಲ ನೀರೂ ಗಿಡಕ್ಕೆ. ಹೀಗೆ ತಿರುಗಿಸಿದ್ರೆ ಚರಂಡಿಗೆ..."

ಅವನು ಇನ್ನೂ ಏನೋ ಹೇಳುತ್ತಿದ್ದ. ಬೆರಳೆತ್ತಿ, ಒತ್ತಿ ಒತ್ತಿ ಹೇಳುತ್ತಿದ್ದ. ಅವಳಿಗೆ ಒಂದಕ್ಷರವೂ ಕಿವಿಗೆ ಬೀಳಲಿಲ್ಲ. 'ಹುಬ್ಬಿನ ಮೇಲೆ ಇನ್ನೂ ನೊರೆ ಒಣಗಿ ಕೂತಿದೆ, ಒರೆಸಿಕೊಳ್ಳಿ ಅಂತ ಹೇಳಲೋ ಬೇಡವೋ... ಅಯ್ಯೋ, ಕಣ್ಣು ಎಷ್ಟು ಚೆನ್ನಾಗಿದೆ ಇವನದು!' ಎಂಬುದೊಂದೇ ತಲೆಯಲ್ಲಿ.

"ಗೊತ್ತಾಯ್ತಾ ಮೇಡಂ?"

"ಹೂಂ... ಹೂಂ... ಗೊತ್ತಾಯ್ತು."

ಗೊತ್ತಾಗಿರಲಿಲ್ಲ. ಪ್ರೀತಿ ಹುಟ್ಟುವ ಹೊತ್ತಿನಲ್ಲಿ ಯಾರ ಕಿವಿ ತಾನೇ ನೆಟ್ಟಗಿರುತ್ತದೆ ಹೇಳಿ? ಆದರೆ ಅವಳು ಅಂದು ಕೇಳಿಸಿಕೊಳ್ಳದ ಆ ಮಾತು ಮುಂದೆ ಅವಳ ಮನೆಯನ್ನೇ ಬರಿದು ಮಾಡಿತು.

ಅಪ್ಪ ಇಡೀ ಆಯಸ್ಸು ಬಸ್ಸು ಓಡಿಸಿದವರು. ನಿವೃತ್ತಿಯ ಮರುದಿನವೇ ಅವರಿಗೆ ಹಸಿರಿನ ಹುಚ್ಚು ಹಿಡಿಯಿತು. "ಊರಿಗೆಲ್ಲ ಅಷ್ಟು ಹೊಗೆ ಕುಡಿಸಿದ್ದೀನಿ, ಇನ್ನಾದ್ರೂ ಸ್ವಲ್ಪ ಒಳ್ಳೆ ಗಾಳಿ ಕೊಡ್ತೀನಿ," ಅನ್ನುತ್ತಿದ್ದರು. ಮನೆಗೆ ಪ್ಲಾಸ್ಟಿಕ್ ಚೀಲ ಬರುವುದು ನಿಂತಿತು. ತರಕಾರಿ ಸಿಪ್ಪೆಯೆಲ್ಲ ಮಡಕೆ ಸೇರಿ ಗೊಬ್ಬರವಾಯಿತು. ತಾರಸಿ, ಮೆಟ್ಟಿಲು, ಕೊನೆಗೆ ಮೂಲೆಯ ಹಳೇ ಸಿಂಕಿನಲ್ಲೂ ಗಿಡ! ಗಿಡಕ್ಕೆ ಕೇಡು ಮಾಡದ ಸೋಪು ಬಿಟ್ಟರೆ ಬೇರೆ ಸೋಪು ಹೊಸಿಲು ದಾಟುವಂತಿರಲಿಲ್ಲ.

ಎಲ್ಲಕ್ಕಿಂತ ದೊಡ್ಡದು ನೀರಿನ ಕಾನೂನು. "ನಮ್ಮನೇಲಿ ನೀರು ಎರಡು ಸಲ ದುಡೀಬೇಕು. ಒಂದ್ಸಲ ನಮಗೆ, ಇನ್ನೊಂದ್ಸಲ ಗಿಡಕ್ಕೆ."

"ಲೋಟ ತೊಳೆದ ನೀರಿಗೂ ಕಾವಲು ಕೂರೋ ಗಂಡ ಸಿಕ್ಕಿದಾರಲ್ಲ ನನಗೆ!" ಅಮ್ಮ ಗೊಣಗುತ್ತಿದ್ದಳು. "ನಾನು ಅತ್ತರೆ ಆ ಕಣ್ಣೀರನ್ನೂ ಗಿಡಕ್ಕೆ ಹಾಕ್ತಾರೆ."

"ಕಣ್ಣೀರು ಉಪ್ಪು ಕಣೇ, ಗಿಡಕ್ಕಾಗಲ್ಲ," ಅಪ್ಪ ಗಂಭೀರವಾಗಿ ಉತ್ತರಿಸುತ್ತಿದ್ದರು.

ಅವರ ಜೀವವೆಲ್ಲ ಇದ್ದದ್ದು ಹಿತ್ತಿಲಿನ ಆ ನಿಂಬೆ ಗಿಡದಲ್ಲಿ. ತಮ್ಮ ಕೋಣೆಯ ಕಿಟಕಿಗೆ ಸರಿಯಾಗಿ ಅದನ್ನು ನೆಟ್ಟಿದ್ದರು. ಅದು ಹೂ ಬಿಟ್ಟಾಗ ಹಾಸಿಗೆಯಲ್ಲಿ ಮಲಗಿಯೇ ಪರಿಮಳ ಕುಡಿಯಬೇಕು ಎಂಬುದು ಅವರ ಆಸೆ.

ಜಲಮಂತ್ರಿ ಬರುತ್ತಲೇ ಇದ್ದ. ನಲ್ಲಿ ಸೋರುವುದಕ್ಕೊಮ್ಮೆ, ಸೋರದೇ ಇದ್ದರೂ ಒಮ್ಮೆ. ಅವಳು ಕನ್ನಡಕದ ಅಂಗಡಿಯಲ್ಲಿ ಜನರ ಕಣ್ಣು ಪರೀಕ್ಷಿಸುವ ಕೆಲಸದಲ್ಲಿದ್ದಳು. ಚೆನ್ನಾಗಿ ಕಾಣುವ ಕಣ್ಣಿಟ್ಟುಕೊಂಡೇ ಅವನೂ ಅಲ್ಲಿಗೆ ಬಂದು ಕುರ್ಚಿಯಲ್ಲಿ ಕೂತ.

"ಕೊನೇ ಸಾಲು ಓದಿ."

"ಕಾಣ್ತಿಲ್ಲ ಮೇಡಂ."

"ಸುಳ್ಳು! ಪೈಪಿನ ಕೂದಲೆಳೆ ಬಿರುಕು ಕಾಣುತ್ತೆ, ಇದು ಕಾಣಲ್ವಾ?"

"ನೀವು ಬೋರ್ಡಿಗೆ ಅಡ್ಡ ನಿಂತಿದ್ದೀರಿ... ಸ್ವಲ್ಪ ಹೊತ್ತು ಹಾಗೇ ನಿಂತಿರಿ, ಪರವಾಗಿಲ್ಲ."

ಅವಳ ಕೆನ್ನೆ ಕೆಂಪಾಯಿತು. ಇಬ್ಬರ ನಡುವೆ ಮಾತು ಅಷ್ಟೇ. ಮದುವೆಯ ವಿಷಯ ಮನೆಯಲ್ಲಿ ಹೇಳಲು ಇಬ್ಬರೂ ಒಳ್ಳೆಯ ದಿನ ನೋಡುತ್ತಿದ್ದರು. ಆ ದಿನ ಬರಲೇ ಇಲ್ಲ.

ಅಪ್ಪನ ಶ್ವಾಸಕೋಶ ಕೈಕೊಟ್ಟಿತು. ಆಸ್ಪತ್ರೆಯಿಂದ ಮನೆಗೆ ಕಳಿಸುವಾಗ ಡಾಕ್ಟರ್ ಅಮ್ಮನ ಮುಖ ನೋಡದೆ ಮಾತಾಡಿದರು. ನರ್ಸ್ ಅವಳನ್ನು ಪಕ್ಕಕ್ಕೆ ಕರೆದು ಹೇಳಿದಳು: "ಸೋಂಕು ತಗುಲಿದ್ರೆ ಮುಗೀತು. ಹಾಸಿಗೆ ಬಟ್ಟೆಯೆಲ್ಲ ದಿನಾ ಬ್ಲೀಚ್ ಹಾಕಿ ಒಗೀಬೇಕು. ಒಂದು ದಿನವೂ ತಪ್ಪಿಸಬೇಡ."

ಅವಳು ಒಂದು ದಿನವೂ ತಪ್ಪಿಸಲಿಲ್ಲ.

ಅಂಗಡಿಗೆ ಹೋಗುವ ಮುನ್ನ, ಬಂದ ಮೇಲೆ, ಹೊದಿಕೆ, ದಿಂಬಿನ ಚೀಲ, ಅಪ್ಪನ ಅಂಗಿ. ಕೈಯ ಚರ್ಮ ಸುಲಿದು ಬಂದರೂ ಬಿಡಲಿಲ್ಲ. ಹಗ್ಗದ ತುಂಬ ಬಿಳಿ ಬಟ್ಟೆ ಹರವಿ ಅಪ್ಪನ ಹಾಸಿಗೆಯ ಪಕ್ಕ ಬಂದು ಕೂರುತ್ತಿದ್ದಳು.

"ಅಪ್ಪಾ, ನಿಮ್ಮ ಕಾನೂನು ಮುರಿದಿಲ್ಲ. ಇವತ್ತಿನ ನೀರೂ ಗಿಡಕ್ಕೇ ಹೋಯ್ತು."

ಅಪ್ಪ ಮೊದಮೊದಲು ನಗುತ್ತಿದ್ದರು. ಆಮೇಲಾಮೇಲೆ ಸುಮ್ಮನೆ ಅವಳ ಕೈ ಹಿಡಿದುಕೊಳ್ಳುತ್ತಿದ್ದರು.

ಗಿಡದಲ್ಲಿ ಮೊದಲ ಮೊಗ್ಗು ಕಾಣಿಸಿದ್ದು ಆಗಲೇ. ಮನೆಗೆ ಮನೆಯೇ ಕಿಟಕಿಗೆ ಬಂದು ನಿಂತಿತು! "ಇದು ಅರಳೋದು ನೋಡಿಯೇ ಹೋಗೋದು ನಾನು," ಅಪ್ಪ ಏದುಸಿರು ಬಿಡುತ್ತ ಅಂದರು. ಅವಳು ಆ ಮಾತನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಗಿಡ ಚೆನ್ನಾಗಿದ್ದರೆ ಅಪ್ಪ ಇರುತ್ತಾರೆ. ಹೂವಾಗಲಿ, ಕಾಯಾಗಲಿ, ಹಣ್ಣಾಗಲಿ... ಅಲ್ಲಿಯವರೆಗೂ ಇರುತ್ತಾರೆ.

ಮೊಗ್ಗು ಅರಳಲಿಲ್ಲ. ಕಂದು ಬಣ್ಣಕ್ಕೆ ತಿರುಗಿ ಉದುರಿತು. ಎಲೆಯ ಅಂಚು ಸುಟ್ಟಂತಾಯಿತು, ಆಮೇಲೆ ಇಡೀ ಎಲೆ ಹಳದಿ.

"ಬಾಯಾರಿಕೆ ಇರಬೇಕು," ಅಂದುಕೊಂಡಳು. ಒಗೆದ ಬಟ್ಟೆಯನ್ನೇ ಮತ್ತೊಮ್ಮೆ ಮೆಷಿನ್ನಿಗೆ ಹಾಕಿ ಇನ್ನಷ್ಟು ನೀರು ಹರಿಸಿದಳು. ಗಿಡ ಇನ್ನೂ ಬೇಗ ಬೋಳಾಯಿತು.

ತಲೆ ಕೆಟ್ಟು ಅವನಿಗೆ ಫೋನ್ ಮಾಡಿದಳು. "ಬನ್ನಿ... ಬೇಗ ಬನ್ನಿ. ನೀವು ಹಾಕಿದ ಪೈಪಿಂದ ಏನೋ ಆಗಿದೆ. ಗಿಡ ಸಾಯ್ತಿದೆ."

ಅವನು ಕೈಯಲ್ಲಿದ್ದ ಕೆಲಸ ಬಿಟ್ಟು ಓಡಿ ಬಂದ. ಬುಡದ ಮಣ್ಣು ಕೆದಕಿದ. ಒಂದು ಹಿಡಿ ಎತ್ತಿ ಮೂಗಿನ ಬಳಿ ಹಿಡಿದ. ಹಾಗೇ ಕೂತುಬಿಟ್ಟ. ಅವನ ಕಣ್ಣು ಗೋಡೆಯ ಕೆಂಪು ಹಿಡಿಯ ಕಡೆ ಹೋಯಿತು, ಅಲ್ಲಿಂದ ಹಗ್ಗದ ಮೇಲಿನ ಬಿಳಿ ಹೊದಿಕೆಗಳ ಕಡೆ, ಕೊನೆಗೆ ಸುಲಿದುಹೋಗಿದ್ದ ಅವಳ ಕೈಗಳ ಕಡೆ.

ಅವನಿಗೆ ಅರ್ಥವಾಯಿತು. ಅವಳಿಗೆ ಆಗಲಿಲ್ಲ.

"ಏನಾಗಿದೆ? ಹೇಳ್ರೀ!"

"ಸ್ವಲ್ಪ ಇರಿ. ಸಾರ್ ಹತ್ರ ಮಾತಾಡಿ ಬರ್ತೀನಿ."

ಅಪ್ಪನ ಕೋಣೆಯ ಬಾಗಿಲು ಮುಚ್ಚಿತು. ಅವನು ಹೊರಗೆ ಬಂದಾಗ ಮುಖದಲ್ಲಿ ರಕ್ತವಿರಲಿಲ್ಲ. ನೆಲ ನೋಡುತ್ತ ಹೇಳಿದ.

"ತಪ್ಪು ನಂದೇ. ಪೈಪ್ ಹೂಳೋಕೆ ಅಗೆದಾಗ ತಾಯಿಬೇರು ಕಡಿದುಹೋಗಿದೆ. ಅವತ್ತೇ ಗೊತ್ತಾಗಿತ್ತು, ಹೇಳಲಿಲ್ಲ. ಇನ್ನು ಉಳಿಯಲ್ಲ ಮೇಡಂ."

ಅವಳು ಅವನೆದುರು ಬಂದು ನಿಂತಳು.

"ಗೊತ್ತಿತ್ತಾ? ಗೊತ್ತಿದ್ದೂ ನಗ್ತಾ ನಗ್ತಾ ನಮ್ಮನೆಗೆ ಬರ್ತಿದ್ಯಾ?" ಬಹುವಚನ ಅದೆಲ್ಲಿ ಹಾರಿಹೋಯಿತೋ! "ನಮ್ಮಪ್ಪ ಆ ಗಿಡದ ಮೇಲೆ ಜೀವ ಇಟ್ಕೊಂಡಿದ್ರು. ನೀನು ಕಡಿದದ್ದು ಬೇರಲ್ಲ, ನಮ್ಮಪ್ಪನ್ನ! ಹೋಗು... ಇನ್ನೊಂದು ಸಲ ನಿನ್ನ ಮುಖ ತೋರಿಸಬೇಡ!"

ಅವನು ತಲೆಯೆತ್ತಲಿಲ್ಲ. ತನ್ನ ಸಾಮಾನಿನ ಚೀಲ ಎತ್ತಿಕೊಂಡ. ಹೋಗುವ ಮುನ್ನ ಗೋಡೆಯ ಬಳಿ ಬಗ್ಗಿ ಏನೋ ಮಾಡಿದ. ಅವಳು ಆಗಲೇ ಬೆನ್ನು ತಿರುಗಿಸಿಯಾಗಿತ್ತು.

ಗೇಟಿನ ಸದ್ದಾಯಿತು. 'ಒಂದು ಸಲ ಹಿಂದಿರುಗಿ ಸುಳ್ಳು ಅಂತ ಹೇಳಬಾರದಾ...' ಎಂದು ಅವಳ ಮನಸ್ಸು ಬೇಡಿಕೊಳ್ಳುತ್ತಿತ್ತು. ಅವನು ಹಿಂದಿರುಗಲಿಲ್ಲ.

ಆಮೇಲೆ ಒಂದು ಸಂಜೆ ಅಪ್ಪ ಸನ್ನೆ ಮಾಡಿ ಅವಳನ್ನು ಕರೆದರು.

"ನನ್ನ... ಗೋಡೆ ಕಡೆ ತಿರುಗಿಸು ಮಗಳೇ. ಬೆಳಕು ಕಣ್ಣಿಗೆ ಚುಚ್ಚುತ್ತೆ."

ಬೋಳು ಕೊಂಬೆಗಳ ಹಿಂದೆ ಅಷ್ಟೇನೂ ಬೆಳಕಿರಲಿಲ್ಲ. ಅವಳು ತಿರುಗಿಸಿದಳು. ಅಪ್ಪ ಗೋಡೆ ನೋಡುತ್ತಲೇ ಹೋದರು. ನಿಂಬೆ ಹೂವಿನ ಪರಿಮಳ ಹೇಗಿರುತ್ತದೆ ಎಂದು ಅವರಿಗೆ ಕೊನೆಗೂ ಗೊತ್ತಾಗಲಿಲ್ಲ.

ಮನೆ ಬಣಗುಟ್ಟಿತು. ಮೆಟ್ಟಿಲಿನ ಗಿಡಗಳಿಗೆ ಅಮ್ಮ ನೆನಪಾದಾಗ ನೀರು ಹಾಕಿದಳು, ಇಲ್ಲದಿದ್ದರೆ ಇಲ್ಲ. ಗೊಬ್ಬರದ ಮಡಕೆ ನಾರತೊಡಗಿತು. ಅವಳು ಅಂಗಡಿಗೆ ಹೋಗುತ್ತಿದ್ದಳು, "ಕೊನೇ ಸಾಲು ಓದಿ" ಅನ್ನುತ್ತಿದ್ದಳು, ಬರುತ್ತಿದ್ದಳು. ಅವನ ನಂಬರು ಅಳಿಸಿ ಹಾಕಿದ್ದಳು. ಅಳಿಸಿದ್ದು ಫೋನಿನಿಂದ ಮಾತ್ರ!

ಒಣಗಿದ ಗಿಡವನ್ನು ಕಡಿಸೋಣವೆಂದರೆ ಇಬ್ಬರಿಗೂ ಮನಸ್ಸು ಬರಲಿಲ್ಲ.

ಒಂದು ರಜಾದಿನ ಅಪ್ಪನ ಹೊದಿಕೆಗಳನ್ನು ಆಸ್ಪತ್ರೆಗೆ ಕೊಟ್ಟುಬಿಡೋಣ ಎಂದಳು ಅಮ್ಮ. ಕೊಡುವ ಮುಂಚೆ ಕೊನೆಯದಾಗಿ ಬ್ಲೀಚ್ ಹಾಕಿ ಒಗೆಯಲು ಅವಳು ಮೆಷಿನ್ ಹಚ್ಚಿದಳು. ನಾಲ್ಕು ಗೇಣಿನ ಜಾಗದಲ್ಲಿ ಅಪ್ಪ ಹಾಕಿದ ಕೊತ್ತಂಬರಿ ಇನ್ನೂ ಒಂದಿಷ್ಟು ಉಳಿದಿತ್ತು. ಅದನ್ನು ಕೀಳಲು ಹಿತ್ತಿಲಿಗೆ ಬಂದಾಗ ಚರಂಡಿಯಲ್ಲಿ ಗಳಗಳ ಸದ್ದು ಕೇಳಿಸಿತು.

ಮೆಷಿನ್ನಿನ ನೀರು ಚರಂಡಿಗೆ ಹೋಗುತ್ತಿತ್ತು. ಘಾಟು ವಾಸನೆ ಮೂಗಿಗೆ ಹೊಡೆಯಿತು. ಚರಂಡಿಯ ಅಂಚಿನಲ್ಲಿ ಮೊಣಕಾಲೆತ್ತರ ಬೆಳೆದಿದ್ದ ಕಳೆಯೆಲ್ಲ ಒಂದು ಗೆರೆ ಎಳೆದಂತೆ ಹಳದಿಯಾಗಿ ಒಣಗಿ ನಿಂತಿತ್ತು. ಎಲೆಯ ಅಂಚು ಸುಟ್ಟಂತೆ...

ಈ ಹಳದಿಯನ್ನು ಅವಳು ನೋಡಿದ್ದಳು.

ಅವಳ ಕಣ್ಣು ಕೆಂಪು ಹಿಡಿಯ ಮೇಲೆ ಬಿತ್ತು. ಅದು ಚರಂಡಿಯ ಕಡೆ ತಿರುಗಿತ್ತು. ಯಾವಾಗಿನಿಂದ?

"ಅಮ್ಮಾ! ಇದನ್ನ ತಿರುಗಿಸಿದ್ದು ಯಾರು?"

ಅಮ್ಮ ಅಡುಗೆಮನೆ ಬಾಗಿಲಲ್ಲಿ ಬಂದು ನಿಂತಳು. ಹಿಡಿಯನ್ನೂ ಮಗಳನ್ನೂ ನೋಡಿದಳು. ಸೆರಗು ಬಾಯಿಗೆ ಹೋಯಿತು.

"ಅಮ್ಮಾ..."

"ಅವನೇ ಕಣೇ. ಹೋಗೋ ದಿನ ತಿರುಗಿಸಿ ಹೋದ."

ಆಗ ಬಂತು ಆ ಮಾತು. ಅಷ್ಟು ದಿನ ಎಲ್ಲಿ ಅಡಗಿತ್ತೋ! ತೊಯ್ದ ಅಂಗಿ, ಎಡಹುಬ್ಬಿನ ನೊರೆ, ಎತ್ತಿದ ಬೆರಳು... 'ಬ್ಲೀಚು, ಫಿನಾಯಿಲು ಏನಾದ್ರೂ ಹಾಕಿದ ದಿನ ಮರೀದೆ ಚರಂಡಿಗೆ ತಿರುಗಿಸಿ ಮೇಡಂ. ಇಲ್ಲಾಂದ್ರೆ ಗಿಡ ಸುಟ್ಟುಹೋಗುತ್ತೆ. ಗೊತ್ತಾಯ್ತಾ?' ಹೂಂ. ಹೂಂ. ಗೊತ್ತಾಯ್ತು.

ಫಿನಾಯಿಲು ಹಾಕಿ ನೆಲ ಒರೆಸಿದ ದಿನ ಅಪ್ಪ ತಾವೇ ಎದ್ದು ಹೋಗಿ ಹಿಡಿ ತಿರುಗಿಸಿ ಬರುತ್ತಿದ್ದುದೂ ನೆನಪಾಯಿತು. ಅಪ್ಪ ಹಾಸಿಗೆ ಹಿಡಿದ ಮೇಲೆ ಅದನ್ನು ಯಾರೂ ಮುಟ್ಟಿರಲಿಲ್ಲ.

"ನಾನೇ..." ಅವಳು ಗೋಡೆ ಹಿಡಿದು ಕುಸಿದಳು. "ನಾನೇ ಸಾಯಿಸಿದ್ದು ಅಮ್ಮಾ... ದಿನಾ ಸಾಯಿಸಿ, ಬಂದು ಅಪ್ಪನಿಗೆ ವರದಿ ಬೇರೆ ಒಪ್ಪಿಸ್ತಿದ್ದೆ!"

"ಅವರಿಗೆ ಗೊತ್ತಿತ್ತು ಮಗಳೇ."

ಅಮ್ಮ ಪಕ್ಕದಲ್ಲಿ ಕೂತಳು. ಅವನು ಬಾಗಿಲು ಮುಚ್ಚಿ ಅಪ್ಪನ ಜೊತೆ ಮಾತಾಡಿದ ದಿನ ಕೋಣೆಯ ಮೂಲೆಯಲ್ಲಿ ಅಮ್ಮನೂ ಇದ್ದಳು.

"ಕಿಟಕೀಲಿ ಬ್ಲೀಚ್ ವಾಸನೆ ಬರ್ತಿತ್ತಂತೆ. ಖಾತ್ರಿಯಾಗೋ ಹೊತ್ತಿಗೆ ಎಲೆ ಉದುರೋಕೆ ಶುರುವಾಗಿತ್ತಂತೆ. 'ಮಗಳಿಗೆ ಹೇಳಬೇಡ, ನಾನು ಹೋದಮೇಲೆ ಅದನ್ನೇ ನೆನೆಸಿಕೊಂಡು ಕೊರಗ್ತಾಳೆ. ನಿನ್ನ ಮೇಲೆ ಹಾಕಿಕೋ ಅಂತ ಕೇಳೋಕೆ ನನಗೆ ಬಾಯಿ ಬರ್ತಿಲ್ಲ' ಅಂದ್ರು. ಅದಕ್ಕೆ ಆ ಹುಡುಗ, 'ನೀವು ಕೇಳಬೇಡಿ ಸಾರ್, ಹಾಕಿಕೊಂಡಾಯ್ತು' ಅಂದ."

ಅಮ್ಮನ ದನಿ ಇದ್ದಕ್ಕಿದ್ದಂತೆ ಬಿರುಸಾಯಿತು.

"ಇಬ್ಬರು ಗಂಡಸರು ಸೇರಿ ನಿನ್ನ ಕಾಪಾಡ್ತೀವಿ ಅಂತ ನಿನ್ನ ಒಂಟಿ ಮಾಡಿ ಹೋದ್ರು! ನಾನೂ ಬಾಯಿಗೆ ಬೀಗ ಹಾಕಿಕೊಂಡೆ. ನೀನು ಅವನಿಗಾಗಿ ಅಳೋದು ನನಗೆ ಕಾಣ್ತಿರಲಿಲ್ವಾ? ಹೋಗೇ... ಎದ್ದು ಹೋಗು."

ಅವಳು ಹುಡುಕಿಕೊಂಡು ಹೋದಾಗ ಅವನು ಅರ್ಧ ಕಟ್ಟಿದ ದೊಡ್ಡ ಕಟ್ಟಡವೊಂದರಲ್ಲಿ ಕೆಲಸ ಮಾಡುತ್ತಿದ್ದ. ಬಾಗಿಲಿಲ್ಲದ ಬಚ್ಚಲುಮನೆಯಲ್ಲಿ, ಸಿಮೆಂಟಿನ ಧೂಳಿನ ನಡುವೆ ಕುಕ್ಕರುಗಾಲಲ್ಲಿ ಕೂತು ಪೈಪಿಗೆ ಅಂಟು ಬಳಿಯುತ್ತಿದ್ದ. ಸೊರಗಿಹೋಗಿದ್ದ. ಅವಳನ್ನು ಕಂಡೊಡನೆ ಅವನ ಕೈಯಲ್ಲಿದ್ದ ಬ್ರಷ್ ಕೆಳಗೆ ಬಿತ್ತು.

"ಮೇಡಂ... ಅಮ್ಮ ಹೇಗಿದಾರೆ?"

"ಬೇರು ಕಡಿದುಹೋಗಿತ್ತಾ?" ಅವಳು ಕೇಳಿದಳು.

ಅವನು ಬಿದ್ದ ಬ್ರಷ್ ಎತ್ತಿಕೊಳ್ಳಲು ಬಗ್ಗಿದ.

"ನನ್ನ ಮುಖ ನೋಡಿ ಹೇಳಿ. ಬೇರು ಕಡಿದುಹೋಗಿತ್ತಾ?"

"...ಇಲ್ಲ."

"ಯಾಕೆ ಹಾಗೆ ಮಾಡಿದ್ರಿ? ಬಾಯಿಗೆ ಬಂದ ಹಾಗೆ ಬೈದೆ. ಅಪ್ಪನ್ನ ಕೊಂದೆ ಅಂದೆ! ಒಂದು ಮಾತು ಆಡಲಿಲ್ವಲ್ಲ ನೀವು!"

"ನಿಮಗೆ ಯಾರನ್ನಾದ್ರೂ ದ್ವೇಷ ಮಾಡಲೇಬೇಕಿತ್ತು. ನಿಮ್ಮನ್ನ ನೀವೇ ಮಾಡಿಕೊಳ್ಳೋದಕ್ಕಿಂತ ನನ್ನನ್ನ ಮಾಡಿದ್ರೆ... ನಾನು ತಡ್ಕೋತೀನಿ ಅನ್ನಿಸ್ತು." ಅವನು ಅಂಟಿನ ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡ. "ತಡ್ಕೊಳ್ಳೋಕೆ ಆಗಲಿಲ್ಲ. ಅದು ಬೇರೆ ಮಾತು."

ಅವಳು ಅಲ್ಲೇ ಮರಳಿನ ಚೀಲದ ಮೇಲೆ ಕೂತು, ಅಪ್ಪ ಹೋದಾಗಲೂ ಅಳದಷ್ಟು ಅತ್ತಳು. ಅವನು ಬಂದು ಪಕ್ಕದಲ್ಲಿ ಕೂತ, ಅಷ್ಟೇ.

"ಅಪ್ಪ ಕೊನೆಗೆ ಗೋಡೆ ನೋಡ್ತಾ ಹೋದ್ರು," ಅವಳು ಬಿಕ್ಕುತ್ತ ಅಂದಳು. "ಗಿಡ ನೋಡೋಕಾಗದೆ."

"ಗಿಡ ನೋಡೋಕಾಗದೆ ಅಲ್ಲ. ಗಿಡದ ಬುಡದಲ್ಲಿ ನೀವು ಕೂತು ಅಳ್ತೀರಂತೆ, ಅದನ್ನ ನೋಡೋಕಾಗಲ್ಲ ಅಂತ ಅವತ್ತು ನನ್ನ ಹತ್ರ ಹೇಳಿದ್ರು." ಅವನ ನೋಟ ಅವಳ ಕೈಗಳ ಮೇಲೆ ನಿಂತಿತು. "ನೀವು ಒಗೆದದ್ದು ಅವರ ಬಟ್ಟೆ ಮೇಡಂ. ಆ ಬ್ಲೀಚಿಂದ್ಲೇ ಅವರು ಇನ್ನಷ್ಟು ದಿನ ಉಳಿದದ್ದು. ಅದನ್ನೂ ಸ್ವಲ್ಪ ನೆನಪಿಟ್ಕೊಳ್ಳಿ."

ಅದು ಸಮಾಧಾನವೋ, ಇನ್ನೊಂದು ಗಾಯವೋ ಅವಳಿಗೆ ತಿಳಿಯಲಿಲ್ಲ. ಎರಡೂ ಇರಬಹುದು. ಗಿಡ ಬದುಕಲಿಲ್ಲ, ಅಪ್ಪ ಬದುಕಲಿಲ್ಲ. ಇನ್ನು ಯಾರು ಯಾರನ್ನು ಕ್ಷಮಿಸಿದರೂ ಆ ಕಿಟಕಿಯೊಳಗೆ ಹೂವಿನ ಪರಿಮಳ ಬರುವುದಿಲ್ಲ.

"ಅಲ್ಲಿ ಇನ್ನೊಂದು ಗಿಡ ನೆಡಬಹುದಾ?" ಕೆನ್ನೆ ಒರೆಸಿಕೊಳ್ಳುತ್ತ ಅವಳು ಕೇಳಿದಳು.

"ಈಗ ಆಗಲ್ಲ. ಮಣ್ಣು ಪೂರ್ತಿ ಕೆಟ್ಟಿದೆ. ಬರೀ ಒಳ್ಳೆ ನೀರು ಹಾಯಿಸಿ ಹಾಯಿಸಿ ತೊಳೀಬೇಕು. ತಿಂಗಳುಗಟ್ಟಲೆ. ಆಮೇಲೂ ಏನೂ ಹೇಳೋಕಾಗಲ್ಲ."

"ಒಳ್ಳೆ ನೀರನ್ನ ಸುಮ್ಮನೆ ಮಣ್ಣಿಗೆ ಬಿಡೋದಾ? ಅಪ್ಪ ಇದ್ದಿದ್ರೆ..."

"ಇಬ್ಬರಿಗೂ ಬೈತಿದ್ರು."

ಅಳುವಿನ ನಡುವೆಯೇ ಅವಳ ತುಟಿ ಅಲುಗಿತು. "ತಿಂಗಳುಗಟ್ಟಲೆ ಒಬ್ಬಳ ಕೈಲಿ ಆಗಲ್ಲ."

"ಒಬ್ಬಳೇ ಅಂತ ಯಾರು ಹೇಳಿದ್ದು?"

ಸಂಜೆ ಇಬ್ಬರೂ ಹಿತ್ತಿಲಿಗೆ ಬಂದರು. ಒಣಗಿದ ಕೊಂಬೆಗಳು ಹಾಗೇ ನಿಂತಿದ್ದವು, ಮುಟ್ಟಿದರೆ ಪಟಪಟ ಮುರಿಯುತ್ತಿದ್ದವು. ಎಲ್ಲೂ ಒಂದು ಚಿಗುರಿಲ್ಲ. ಅವಳು ಪೈಪ್ ಹಿಡಿದು ಬುಡದಲ್ಲಿ ಕೂತಳು. ಅವನು ಟ್ಯಾಂಕಿನ ನೀರಿನ ವಾಲ್ವಿನ ಬಳಿ ಹೋಗಿ, ಹಳೇ ಅಭ್ಯಾಸದಂತೆ ಕೂಗಿದ:

"ನೀರು ತಿರುಗಿಸ್ತಿದ್ದೀನಿ. ಒಳಗೆ ಯಾರೂ ಇಲ್ಲ ತಾನೇ?"

ಅವಳು ಕಿಟಕಿಯ ಕಡೆ ನೋಡಿದಳು. ಹಾಸಿಗೆ ತೆಗೆದ ಬರಿ ಮಂಚ.

"ಇಲ್ಲ..." ಅವಳ ದನಿ ಒಡೆಯಿತು. "ಒಳಗೆ ಯಾರೂ ಇಲ್ಲ."

ಅವನು ವಾಲ್ವ್ ತಿರುಗಿಸದೆಯೇ ಓಡಿ ಬಂದು ಅವಳೆದುರು ಮಣ್ಣಿನಲ್ಲಿ ಕೂತ. ಸುಲಿದು ಗಟ್ಟಿಯಾಗಿದ್ದ ಅವಳ ಕೈಗಳನ್ನು ತನ್ನ ಕೈಯಲ್ಲಿ ತೆಗೆದುಕೊಂಡ.

"ತಪ್ಪಾಯ್ತು. ಅಭ್ಯಾಸಬಲ. ಹಾಗೆ ಕೇಳಬಾರದಿತ್ತು ನಾನು."

"ಕೇಳು," ಅವಳು ಅಂದಳು. "ದಿನಾ ಕೇಳು. ನಾನು ಇರೋ ದಿನ ಇದ್ದೀನಿ ಅಂತೀನಿ."

"ಮತ್ತೆ ತಲೆ ಮೇಲೆ ಬಕೆಟ್ ಸುರೀತೀಯಾ?"

"ಸುರೀತೀನಿ. ಈ ಸಲ ನೀನು ಹೇಳೋದೆಲ್ಲ ಪೂರ್ತಿ ಕೇಳಿಸಿಕೊಂಡು ಆಮೇಲೆ ಸುರೀತೀನಿ."

ಅವನು ಎದ್ದು ಹೋಗಿ ವಾಲ್ವ್ ತಿರುಗಿಸಿದ. ಸ್ವಚ್ಛವಾದ ನೀರು ಸತ್ತ ಗಿಡದ ಬುಡಕ್ಕೆ ಇಳಿಯತೊಡಗಿತು.